ಇಲ್ಲವಾದ ರಾಜ್ಯದ ಫುಟ್‌ಬಾಲ್ ಮಾಸ್ತರ

1956ರ ಅಕ್ಟೋಬರ್ 31ರ ರಾತ್ರಿ ಉದಗೀರ ಬೀದರ ಜಿಲ್ಲೆಯಲ್ಲಿ ಮಲಗಿತು, ಬೆಳಗ್ಗೆ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಎದ್ದಿತು. ನಿಲಂಗಾದ ಕತೆಯೂ ಅದೇ. ಉಮರಗಾ ಮೊದಲಿನಿಂದಲೂ ಉಸ್ಮಾನಾಬಾದಿನದೇ ಆದ್ದರಿಂದ ಅದಕ್ಕೆ ಜಿಲ್ಲೆ ಬದಲಾಗಲಿಲ್ಲ, ರಾಜ್ಯ ಬದಲಾಯಿತು. ಹೊಲ ಇದ್ದಲ್ಲೇ ಇತ್ತು, ಬಾವಿ ಇದ್ದಲ್ಲೇ ಇತ್ತು, ಮನೆಯೊಳಗಿನ ಮಾತೂ ಇದ್ದ ಹಾಗೇ ಇತ್ತು. ಮಠದಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎಂಬ ಮೂರು ನಾಲಿಗೆಯ ಸಂಸಾರ ಅದು. ಮೇಲಿನ ಚಾವಣಿ ಮಾತ್ರ ಹಾರಿಹೋಗಿತ್ತು. ಹೈದರಾಬಾದ್ ಎಂಬ ರಾಜ್ಯ ಆ ದಿನದಿಂದ ಭೂಪಟದಲ್ಲಿ ಇರಲಿಲ್ಲ. ಮರಾಠವಾಡದ 5 ಜಿಲ್ಲೆಗಳು ಬೊಂಬಾಯಿ ರಾಜ್ಯಕ್ಕೆ ಹೋದವು. ಬೀದರ, ಕಲಬುರಗಿ, ರಾಯಚೂರು ಮೈಸೂರಿಗೆ ಬಂದವು, ತೆಲಂಗಾಣ ಆಂಧ್ರಪ್ರದೇಶಕ್ಕೆ ಸೇರಿತು. ಬೀದರ ಜಿಲ್ಲೆಯೊಂದೇ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಅತ್ತ, ಜಹೀರಾಬಾದ್ ಮತ್ತು ನಾರಾಯಣಖೇಡ ಇತ್ತ, ಉಳಿದದ್ದು ನಮ್ಮ ಕಡೆಗೆ.

ಸರಿಯಾಗಿ ಒಂದು ತಿಂಗಳ ಮೇಲೆ, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು ಅದರ ಮನೆಯಂಗಳದಲ್ಲೇ 4-2ರಿಂದ ಸೋಲಿಸಿತು. ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡವೆಂಬ ಹೆಸರು ಬಂತು. ಆ ತಂಡವನ್ನು ತಿದ್ದಿದವರು ಹೈದರಾಬಾದಿನ ಒಬ್ಬ ಶಾಲಾ ಮಾಸ್ತರ, ಸೈಯದ್ ಅಬ್ದುಲ್ ರಹೀಮ್. ಅವರ ಮನೆಯಿದ್ದ ರಾಜ್ಯಕ್ಕೆ ಅಷ್ಟರಲ್ಲಿ ಹೆಸರು ಬೇರೆಯಾಗಿತ್ತು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಭಾಷಾವಾರು ಪ್ರಾಂತಗಳಾದ ಮೇಲೆ ನಾವು ಇತಿಹಾಸವನ್ನೂ ಪಾಲು ಮಾಡಿಕೊಂಡೆವು. ಬಸವಕಲ್ಯಾಣ ಕರ್ನಾಟಕದ ಪುಸ್ತಕದಲ್ಲಿದೆ. ಸದಾಶಿವರಾವ್ ಭಾವೂ 1760ರಲ್ಲಿ ನಿಜಾಮನನ್ನು ಮಣಿಸಿದ ಉದಗೀರದ ಕಾಳಗ ಮಹಾರಾಷ್ಟ್ರದ ಪುಸ್ತಕದಲ್ಲಿದೆ. ರಹೀಮ್ ತೆಲಂಗಾಣದ ಪಾಲಿಗೆ ಬಿದ್ದರು. ಉದಗೀರದ ಹುಡುಗನಿಗೆ ಅವರು ಪರರಾಜ್ಯದ ಮನುಷ್ಯ. ಆದರೆ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದ 1943ರಲ್ಲಿ ಆ ಹುಡುಗನ ಅಜ್ಜನೂ ಅವರೂ ಒಂದೇ ಸರ್ಕಾರದ ಪ್ರಜೆಗಳು, ಒಂದೇ ಸಿಕ್ಕಾ ರೂಪಾಯಿ ಎಣಿಸುತ್ತಿದ್ದವರು.

ಉತ್ಪ್ರೇಕ್ಷೆ ಬೇಡ. ಹೈದರಾಬಾದ್ ಸಂಸ್ಥಾನದ ಫುಟ್‌ಬಾಲೆಂದರೆ ಬಹುಮಟ್ಟಿಗೆ ಹೈದರಾಬಾದ್ ನಗರದ ಫುಟ್‌ಬಾಲು, ಪಕ್ಕದ ಸಿಕಂದರಾಬಾದಿನ ದಂಡಿನಲ್ಲಿ ಗೋರಾ ಸಿಪಾಯಿಗಳಿಂದ ಕಲಿತದ್ದು. ನಮ್ಮ ಕಡೆಯ ಹಳ್ಳಿಗಳ ಆಟವೆಂದರೆ ಕುಸ್ತಿ, ಕಬಡ್ಡಿ. ಜಾತ್ರೆಗೆ ಜಂಗೀ ಕುಸ್ತಿ ಇಡುತ್ತಿದ್ದರು, ಫುಟ್‌ಬಾಲ್ ಇಡುತ್ತಿರಲಿಲ್ಲ. ಆದರೂ ಪಟ್ಟಣದ ದಾರಿ ನಮಗೆ ಅದೇ. ಉದಗೀರದಲ್ಲಿ ರೈಲು ಹತ್ತಿದರೆ ಭಾಲ್ಕಿ, ಬೀದರ, ಜಹೀರಾಬಾದ್, ವಿಕಾರಾಬಾದ್ ದಾಟಿ ಹೈದರಾಬಾದು. ಉಮರಗಾದ ನಡುವೆ ಹಾಯ್ದುಹೋಗುವ ಸೊಲ್ಲಾಪುರದ ಹೆದ್ದಾರಿಯೂ ಹುಮನಾಬಾದ್ ಮೇಲೆ ಅಲ್ಲಿಗೇ ಮುಟ್ಟುತ್ತದೆ. ಕೋರ್ಟು, ಕಾಲೇಜು, ದೊಡ್ಡ ದವಾಖಾನೆ, ಮದುವೆ ಜವಳಿ ಎಲ್ಲಕ್ಕೂ ಅತ್ತ ಮುಖ ಮಾಡಿದ ಊರುಗಳಿವು. ಇವತ್ತಿಗೂ ನಮ್ಮ ಹಿರಿಯರ ಬಾಯಲ್ಲಿ ಬರೀ 'ಶಹರ' ಎಂದರೆ ಮುಂಬಯಿ ಅಲ್ಲ, ಬೆಂಗಳೂರೂ ಅಲ್ಲ.

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಆ ಶಹರದಲ್ಲಿ. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಪದವಿಯ ಪಾಠವನ್ನೂ ಉರ್ದುವಿನಲ್ಲಿ ಹೇಳಿಕೊಡುತ್ತಿದ್ದ ವಿದ್ಯಾಲಯ ಅದು, ಮೂರೂ ಭಾಷೆಯ ಜಿಲ್ಲೆಗಳ ಹುಡುಗರು ಅಲ್ಲಿಗೇ ಹೋಗಬೇಕು. ಓದು ಮುಗಿದ ಮೇಲೆ ಕಾಚಿಗುಡಾದ ಮಿಡಲ್ ಸ್ಕೂಲಿನಲ್ಲಿ ಮಾಸ್ತರಿಕೆ. ಮುಂದೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮುಗಿಸಿ ಚಾದರಘಾಟ್ ಹೈಸ್ಕೂಲಿನಂಥ ಶಾಲೆಗಳಲ್ಲಿ ಆಟೋಟದ ಹೊಣೆ ಹೊತ್ತರು. ತಾವೂ ಫುಟ್‌ಬಾಲ್ ಆಡಿದವರೇ. ಆದರೆ ಆಟಗಾರನಾಗಿ ಅವರ ಹೆಸರು ಊರಾಚೆ ದಾಟಲಿಲ್ಲ. ಆಟ ಕಲಿಸುವುದು ಆಡುವುದಕ್ಕಿಂತ ಬೇರೆಯದೇ ಕಸುಬು ಎಂಬುದನ್ನು ನಮ್ಮ ದೇಶ ಆಗಿನ್ನೂ ಒಪ್ಪಿಕೊಂಡಿರಲಿಲ್ಲ. ಒಳ್ಳೆಯ ಆಟಗಾರನಿಗೆ ವಯಸ್ಸಾದರೆ ಕೋಚ್ ಮಾಡುತ್ತಿದ್ದರು, ಅಷ್ಟೆ. ರಹೀಮ್ ಶಾಲೆಯ ಕಡೆಯಿಂದ ಬಂದವರು. ಪಾಠವನ್ನು ತುಂಡುತುಂಡಾಗಿ ಒಡೆದು, ದಡ್ಡ ಹುಡುಗನಿಗೂ ತಿಳಿಯುವಂತೆ ಜೋಡಿಸುವ ಅಭ್ಯಾಸ ಅವರಿಗಿತ್ತು.

ಅವರು ಹೈದರಾಬಾದಿನಲ್ಲಿ ಏರ್ಪಡಿಸುತ್ತಿದ್ದ ಟೂರ್ನಿಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಒಂದು ಟೂರ್ನಿಯಲ್ಲಿ ಡ್ರಿಬ್ಲಿಂಗ್ ನಿಷಿದ್ಧ. ಚೆಂಡು ಬಂತೋ, ತಡೆದು ಪಕ್ಕದವನಿಗೆ ಕೊಡು. ಎದುರಾಳಿಯನ್ನು ಯಾಮಾರಿಸಿ ಮುನ್ನುಗ್ಗಲು ಹೋದರೆ ಶಿಳ್ಳೆ. ಇನ್ನೊಂದರಲ್ಲಿ ಒಗ್ಗದ ಕಾಲಿನಿಂದ ಮಾತ್ರ ಒದೆಯಬೇಕು. ಬಲಗಾಲಿನ ಹುಡುಗ ಎಡಗಾಲಲ್ಲಿ ಆಡಬೇಕೆಂದರೆ ಹೇಗಿರಬಹುದು, ಎಡಗೈಯಲ್ಲಿ ಪಾಟಿಯ ಮೇಲೆ ಅಕ್ಷರ ತಿದ್ದಿದ ಹಾಗೆ. ಚೆಂಡು ಎತ್ತಲೋ ಹೋಗುತ್ತದೆ, ನೋಡುವವರು ನಗುತ್ತಾರೆ, ಹುಡುಗ ನಾಚುತ್ತಾನೆ. ಆದರೆ ನಾಲ್ಕು ಪಂದ್ಯ ಕಳೆಯುವಷ್ಟರಲ್ಲಿ ಆ ಸೋಮಾರಿ ಕಾಲಿಗೂ ಬುದ್ಧಿ ಬರುತ್ತದೆ. ಕುಳ್ಳ ಹುಡುಗರಿಗೆಂದೇ ಬೇರೆ ಟೂರ್ನಿ ಇತ್ತು, ಎತ್ತರದವರ ಭುಜದ ಕೆಳಗೆ ಸಿಕ್ಕಿ ಅವರ ಚಳಕ ಸಾಯಬಾರದೆಂದು. ಬೆತ್ತ ಹಿಡಿಯದೆ ಕಲಿಸುವ ಇಂಥ ಉಪಾಯ ಮಾಸ್ತರನ ತಲೆಗಲ್ಲದೆ ಮತ್ತಾರ ತಲೆಗೆ ಹೊಳೆದೀತು?

ಸಿಕಂದರಾಬಾದಿನ ಅಮ್ಮುಗುಡಾದ ತುಳಸಿದಾಸ ಬಲರಾಮ್ ಎಂಬ ಬಡ ತಮಿಳು ಮನೆಯ ಹುಡುಗನನ್ನು ಹುಡುಕಿ ತೆಗೆದವರೂ ಅವರೇ. ದಿನಾ ಶಿಬಿರಕ್ಕೆ ಬಂದುಹೋಗಲು ಹುಡುಗನ ಹತ್ತಿರ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿನ ದುಡ್ಡನ್ನು ರಹೀಮ್ ಸಾಬರೇ ಕೊಟ್ಟರೆಂದು ಬಲರಾಮ್ ಮುಪ್ಪಿನಲ್ಲೂ ನೆನೆಯುತ್ತಿದ್ದರು. ಆ ಹುಡುಗ ಎರಡು ಒಲಿಂಪಿಕ್ಸ್‌ಗೆ ಹೋದ.

ರಹೀಮರ ಕಾರ್ಖಾನೆಯೆಂದರೆ ಹೈದರಾಬಾದ್ ಸಿಟಿ ಪೊಲೀಸ್ ತಂಡ. ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡೇ ವರ್ಷಕ್ಕೆ ಅವರು ಅದನ್ನು ಕೈಗೆತ್ತಿಕೊಂಡರು. ನಮ್ಮ ಗಡಿಯ ಹಳ್ಳಿಗಳಲ್ಲಿ ನಿಜಾಮನ ಪರ ನಿಂತಿದ್ದ ರಜಾಕಾರರ ನೆನಪೂ ಅದರ ಹಿಂದಿನಿಂದ ಬಂದ ಸೇಡಿನ ನೆನಪೂ ಇನ್ನೂ ಹಸಿಯಾಗಿದ್ದ ಹೊತ್ತು ಅದು. ಪೊಲೀಸ್ ಎಂಬ ಶಬ್ದ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಮುಖ ಕಣ್ಣೆದುರು ಬರುತ್ತಿದ್ದ ಕಾಲ. ಆಗ ಅದೇ ಇಲಾಖೆಯ ಹೆಸರು ಹೊತ್ತ ಹನ್ನೊಂದು ಜನ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದರು. 1950ರಲ್ಲಿ ಗೆದ್ದರು, 51ರಲ್ಲಿ ಗೆದ್ದರು, 54ರವರೆಗೂ ಬಿಡದೆ ಐದು ಸಲ ಗೆದ್ದರು. 1950ರ ಡ್ಯುರಾಂಡ್ ಕಪ್ಪಿನ ಫೈನಲ್ಲಿನಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಕೂಡ ಇವರಿಗೆ ತಲೆಬಾಗಿತು. ನಿಜಾಮನ ರಾಜ್ಯದವರೆಂದರೆ ಆಲಸಿಗಳು, ಬಿರಿಯಾನಿ ತಿಂದು ಶಾಯರಿ ಹೇಳುವವರು ಎಂದು ಹೊರಗಿನವರು ತಿಳಿದಿದ್ದರು. ರಹೀಮರ ಹುಡುಗರು ಒಂದೇ ಮುಟ್ಟಿಗೆ ಚೆಂಡು ದಾಟಿಸಿ, ಖಾಲಿ ಜಾಗಕ್ಕೆ ಓಡಿ, ಮತ್ತೆ ಚೆಂಡು ಪಡೆಯುತ್ತಿದ್ದರು. ಆ ಓಟದಲ್ಲಿ ಆಲಸ್ಯಕ್ಕೆ ಎಡೆ ಎಲ್ಲಿ?

ಈ ರೋವರ್ಸ್ ಕಪ್ಪಿನಲ್ಲಿ ನಮ್ಮವರ ಹಕ್ಕೂ ಇದೆ. ದಂಡಿನ ತಂಡಗಳೇ ಆಳುತ್ತಿದ್ದ ಆ ಕಪ್ಪನ್ನು 1937ರಲ್ಲಿ ಮೊದಲು ಗೆದ್ದ ಭಾರತೀಯ ನಾಗರಿಕರ ತಂಡ ಬೆಂಗಳೂರು ಮುಸ್ಲಿಮ್ಸ್. ಬೆಂಗಳೂರು ದಂಡಿನ ಗಲ್ಲಿಗಳಲ್ಲಿ ಬೆಳೆದ ಅಹಮದ್ ಖಾನ್, ಸಾರಂಗಪಾಣಿ ರಾಮನ್ 1948ರ ಲಂಡನ್ ಒಲಿಂಪಿಕ್ಸ್ ಆಡಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ರಾಮನ್ ಅವರದು. ಹೈದರಾಬಾದು ಬೆಂಗಳೂರು ಎರಡೂ ದಂಡಿನ ಊರು, ಎರಡರಲ್ಲೂ ಉರ್ದು ತಮಿಳು ತೆಲುಗು ಕಲಸಿದ ಮಾತು. ಫುಟ್‌ಬಾಲಿನ ಮಟ್ಟಿಗೆ ಅವು ದಾಯಾದಿಗಳು. ರಾಷ್ಟ್ರದ ಕೋಚ್ ಆದ ಮೇಲೆ ರಹೀಮ್ ಎರಡೂ ಮನೆಯ ಮಕ್ಕಳನ್ನು ಒಂದೇ ಪಂಕ್ತಿಗೆ ಕೂರಿಸಿದರು.

1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲ್ಲಿನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತಿತು, ರಹೀಮರಿಗೆ ಮೊದಲ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಆ ಹೊಳಪೆಲ್ಲ ಒಂದೇ ಸಂಜೆಗೆ ಇಳಿಯಿತು.

1952ರ ಜುಲೈ 15. ಫಿನ್‌ಲ್ಯಾಂಡಿನ ಬೇಸಿಗೆಯೆಂದರೆ ನಮ್ಮ ಮಾಘದ ಚಳಿ. ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದರು. ಬಡತನ ಮಾತ್ರ ಅದಕ್ಕೆ ಕಾರಣವಲ್ಲ, ಬರಿಗಾಲು ಅವರ ಹೆಮ್ಮೆಯೂ ಆಗಿತ್ತು. ಅಂಗಾಲು ಚೆಂಡಿನ ತಿರುವನ್ನು ಬಲ್ಲದು, ಬೂಟಿಗೆ ಏನು ಗೊತ್ತು ಎಂಬ ವಾದ. ಕಲ್ಕತ್ತೆಯ ಮಳೆಗಾಲದ ಬಿಸಿ ಕೆಸರಿಗೆ ಅದು ನಡೆಯುತ್ತದೆ. ತಣ್ಣನೆಯ ಹುಲ್ಲಿನ ಮೇಲೆ ಕಾಲು ಮರಗಟ್ಟಿತು. ಯುಗೊಸ್ಲಾವಿಯಾ 10 ಗೋಲು ಹೊಡೆಯಿತು, ಜೆಬೆಕ್ ಒಬ್ಬನೇ 4. ಭಾರತದ ಒಂಟಿ ಗೋಲು ಬೆಂಗಳೂರಿನ ಅಹಮದ್ ಖಾನ್ ಕಾಲಿನದು, ಆಟ ಮುಗಿಯುವ ಹೊತ್ತಿಗೆ ಬಂದದ್ದು. ಆ ಮೇಲೆಯೇ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿದ್ದು.

ಇಲ್ಲಿ ಒಬ್ಬ ಜರ್ಮನ್ ಕೋಚ್ ನೆನಪಾಗುತ್ತಾರೆ. ಮಾನ್‌ಹೈಮ್ ಎಂಬ ಊರಲ್ಲಿ 1897ರಲ್ಲಿ ಹುಟ್ಟಿದ ಸೆಪ್ ಹೆರ್ಬೆರ್ಗರ್, 1936ರಿಂದ ಜರ್ಮನಿಯ ತಂಡದ ಹೊಣೆ ಹೊತ್ತವರು, ಯುದ್ಧ ಸೋತು ದೇಶ ಎರಡಾದ ಮೇಲೆ 1950ರಲ್ಲಿ ಪಶ್ಚಿಮದ ಹೋಳಿನ ತಂಡವನ್ನು ಮೊದಲಿನಿಂದ ಕಟ್ಟಿದವರು. ಅದೇ ಹೆಲ್ಸಿಂಕಿಯಲ್ಲಿ ಜರ್ಮನಿಯ ತಂಡವನ್ನೂ ಯುಗೊಸ್ಲಾವಿಯಾವೇ ಸೆಮಿಫೈನಲ್ಲಿನಲ್ಲಿ 3-1ರಿಂದ ಹೊರಗಟ್ಟಿತ್ತು. ಎರಡು ವರ್ಷದ ಮೇಲೆ, 1954ರ ಜುಲೈ 4ರಂದು, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ವಿಶ್ವಕಪ್ ಫೈನಲ್. ಎದುರಿಗಿದ್ದದ್ದು ಹಂಗೇರಿ. ಅದೇ ಟೂರ್ನಿಯ ಮೊದಲ ಸುತ್ತಿನಲ್ಲಿ ಜರ್ಮನಿಗೆ 8 ಗೋಲು ಬಡಿದ ತಂಡ. ಆ ದಿನ ಹೆರ್ಬೆರ್ಗರ್ ತಮ್ಮ ಮುಖ್ಯ ಆಟಗಾರರಲ್ಲಿ ಹಲವರನ್ನು ಬಚ್ಚಿಟ್ಟುಕೊಂಡಿದ್ದರೆನ್ನಿ. ಫೈನಲ್ ದಿನ ಮಳೆ. ಆದಿ ದಾಸ್ಲರ್ ಮಾಡಿಕೊಟ್ಟ ಬೂಟುಗಳ ತಳದ ಮೊಳೆಗಳನ್ನು ತಿರುಗಿಸಿ ತೆಗೆದು ಉದ್ದದವನ್ನು ಹಾಕಬಹುದಿತ್ತು. 2 ಗೋಲು ಹಿಂದೆ ಬಿದ್ದಿದ್ದ ಜರ್ಮನಿ 3-2ರಿಂದ ಗೆದ್ದಿತು. ಮುರಿದು ಬಿದ್ದಿದ್ದ ದೇಶವೊಂದು ಬೂಟಿನ ಮೊಳೆಯ ಉದ್ದ ಎಷ್ಟಿರಬೇಕೆಂದು ಲೆಕ್ಕ ಹಾಕುತ್ತಿತ್ತು. ಎರಡು ವರ್ಷ ಮೊದಲು ನಮ್ಮಲ್ಲಿ ಬೂಟು ಬೇಕೋ ಬೇಡವೋ ಎಂಬ ಚರ್ಚೆ. ಹೋಲಿಸಿ ನಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಇಬ್ಬರು ಮಾಸ್ತರರ ಕೈಗೆ ಸಿಕ್ಕ ಶಾಲೆಗಳ ಅಂತರ ತಿಳಿಯಲೆಂದು ಹೇಳಿದೆ.

ಇಬ್ಬರಿಗೂ ಪಠ್ಯಪುಸ್ತಕ ಮಾತ್ರ ಒಂದೇ. ಹಂಗೇರಿ. ಮುಂದಿನ ಸಾಲಿನ ನಡುವಿನವನು ಹಿಂದಕ್ಕೆ ಸರಿದು ನಿಂತರೆ ಅವನನ್ನು ಕಾಯುವವನಿಗೆ ದಿಕ್ಕು ತಪ್ಪುತ್ತದೆ: ಹಿಂಬಾಲಿಸಿ ಹೋದರೆ ಬೆನ್ನಹಿಂದೆ ಜಾಗ ಖಾಲಿ, ಹೋಗದಿದ್ದರೆ ಅವನು ಆರಾಮಾಗಿ ಆಟ ಕಟ್ಟುತ್ತಾನೆ. ಹಂಗೇರಿಯ ಈ ಗುಟ್ಟನ್ನು ರಹೀಮ್ ಕಲಿತುಕೊಂಡರು. ಬ್ರೆಜಿಲ್ 1958ರಲ್ಲಿ ಮೆರೆಸಿದ 4-2-4 ಜೋಡಣೆಯನ್ನು ರಹೀಮ್ ಅದಕ್ಕೂ ಮೊದಲೇ ಆಡಿಸಿದರೆಂದು ನಮ್ಮ ಫುಟ್‌ಬಾಲ್ ಬರಹಗಾರರು ಹೆಮ್ಮೆಪಡುತ್ತಾರೆ. ಯಾರು ಮೊದಲು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಟಿವಿ ಇಲ್ಲದ ಕಾಲದಲ್ಲಿ, ಅಪರೂಪಕ್ಕೊಮ್ಮೆ ಪರದೇಶ ಕಂಡ ಮನುಷ್ಯ ಆ ಆಟವನ್ನು ಬಿಡಿಸಿ ಓದಿಕೊಂಡು, ಕಾನ್‌ಸ್ಟೇಬಲ್‌ಗಳಿಗೂ ರೈಲ್ವೆ ಗುಮಾಸ್ತರಿಗೂ ತಿಳಿಯುವ ಹಾಗೆ ಹೇಳಿದ್ದು ದೊಡ್ಡದು.

ಮೆಲ್ಬೋರ್ನಿಗೆ ಬರುವಾಗ ಎಲ್ಲರ ಕಾಲಲ್ಲಿ ಬೂಟಿತ್ತು. ಎದುರಿಗೆ ಬರಬೇಕಾಗಿದ್ದ ಹಂಗೇರಿ ಹಿಂದೆಗೆದದ್ದರಿಂದ ಭಾರತ ನೇರ ಕ್ವಾರ್ಟರ್ ಫೈನಲ್ಲಿಗೆ ಬಂತು. ನಾಯಕ ಬಂಗಾಲದ ಸಮರ್ ಬ್ಯಾನರ್ಜಿ. ಹೈದರಾಬಾದಿನಿಂದ ಅಜೀಜುದ್ದೀನ್, ನೂರ್ ಮಹಮ್ಮದ್, ಸಲಾಂ, ಬಲರಾಮ್. ಮೈಸೂರಿನ ಕಡೆಯಿಂದ ಕೆಂಪಯ್ಯ. ಆಸ್ಟ್ರೇಲಿಯಾದ ಮೇಲೆ ಬೊಂಬಾಯಿಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದವನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್ಲಿನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದು, ಹೊಡೆದವನು ನೆವಿಲ್. ಹೆಲ್ಸಿಂಕಿಯ ಹತ್ತು ಗೋಲಿನ ಸಾಲ ತೀರಿತೆಂದುಕೊಳ್ಳುವಷ್ಟರಲ್ಲಿ ಎರಡೇ ನಿಮಿಷಕ್ಕೆ ಸಮವಾಯಿತು. ಕೊನೆಗೆ 4-1. ನಾಲ್ಕನೆಯದು ನಮ್ಮ ಸಲಾಂ ಕಾಲಿಗೆ ತಗುಲಿ ನಮ್ಮದೇ ಬಲೆಗೆ ಹೋದದ್ದು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3-0. ನಾಲ್ಕನೆಯ ಸ್ಥಾನಕ್ಕೆ ಪದಕ ಕೊಡುವುದಿಲ್ಲ. ಆದರೂ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಇವತ್ತಿಗೂ ಹೋಗಿಲ್ಲ.

ಇನ್ನು ನಮ್ಮ ಗಡಿಯ ತಮಾಷೆ. ರಾಜ್ಯ ಹೋದರೂ ಫುಟ್‌ಬಾಲಿನಲ್ಲಿ 'ಹೈದರಾಬಾದ್' ಎಂಬ ತಂಡ ರಾಜ್ಯ ತಂಡಗಳ ಸಂತೋಷ್ ಟ್ರೋಫಿಗೆ ಬರುತ್ತಲೇ ಇತ್ತು. ಸರ್ಕಾರದ ಗೆಜೆಟ್ಟಿಗೂ ಚೆಂಡಿಗೂ ಲೆಕ್ಕ ಹೊಂದಿರಲಿಲ್ಲ. 1957-58ರ ಸಾಲಿನ ಫೈನಲ್ ಹೈದರಾಬಾದಿನಲ್ಲೇ ನಡೆಯಿತು. ಎದುರಾಳಿ ಬೊಂಬಾಯಿ. ಹೈದರಾಬಾದ್ 3-1ರಿಂದ ಗೆದ್ದಿತು. ಹಿಂದಿನ ಸಾಲಿನಲ್ಲೂ ಬೊಂಬಾಯಿಯನ್ನೇ ಸೋಲಿಸಿ ಟ್ರೋಫಿ ಎತ್ತಿದ್ದ ತಂಡ ಅದು. ಈಗ ಹೇಳಿ, ಉದಗೀರದ ಚಹಾ ಹೋಟೆಲಿನಲ್ಲಿ ಉರ್ದು ಪೇಪರು ಬಿಡಿಸಿ ಈ ಸುದ್ದಿ ಓದುವವನು ಯಾರ ಕಡೆಯವನು? ಕಾಗದದ ಮೇಲೆ ಅವನು ಬೊಂಬಾಯಿ ರಾಜ್ಯದ ಪ್ರಜೆ, ಅಂದರೆ ಸೋತ ಕಡೆಯವನು. ಅವನ ಸೋದರಮಾವ ಭಾಲ್ಕಿಯಲ್ಲಿದ್ದರೆ ಮೈಸೂರಿನವನು, ಫೈನಲ್ಲಿಗೇ ಸಂಬಂಧವಿಲ್ಲದವನು. ಷಡ್ಡಕ ಜಹೀರಾಬಾದಿನಲ್ಲಿದ್ದರೆ ಅವನೊಬ್ಬನು ಮಾತ್ರ ಗೆದ್ದ ಕಡೆಯವನು. ಎರಡು ವರ್ಷ ಹಿಂದೆ ಮೂವರೂ ಬೀದರ ಜಿಲ್ಲೆಯವರು. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಮಾತಿದೆಯಲ್ಲ, ಇಲ್ಲಿ ಎತ್ತೂ ಕೋಣವೂ ಇದ್ದಲ್ಲೇ ನಿಂತಿದ್ದವು, ಕೆರೆಯನ್ನೇ ಎತ್ತಿಕೊಂಡು ಹೋಗಿದ್ದರು. ಸಿಟಿ ಪೊಲೀಸ್ ತಂಡವೂ ಮುಂದೆ ಆಂಧ್ರ ಪೊಲೀಸ್ ಆಯಿತು. ಆ ಹೆಸರಲ್ಲಿ 1961ರ ಡ್ಯುರಾಂಡ್ ಗೆದ್ದಿತು. ಸಂತೋಷ್ ಟ್ರೋಫಿಯ ತಂಡ 1965-66ರಲ್ಲಿ ಗೆಲ್ಲುವಾಗ ಅದರ ಹೆಸರು ಆಂಧ್ರಪ್ರದೇಶ.

1960ರ ರೋಮ್ ಒಲಿಂಪಿಕ್ಸ್ ಫಲಿತಾಂಶದ ಮಟ್ಟಿಗೆ ಸೋಲೇ. ಹಂಗೇರಿಗೆ 2-1, ಪೆರುವಿಗೆ 3-1, ನಡುವೆ ಫ್ರಾನ್ಸ್ ಜೊತೆ 1-1. ಆದರೆ ಆ ಫ್ರಾನ್ಸ್ ಪಂದ್ಯವನ್ನು ಕೊನೆಯ ಎಂಟು ನಿಮಿಷದವರೆಗೂ ಭಾರತವೇ ಗೆಲ್ಲುತ್ತಿತ್ತು. ಆ ತಂಡದಲ್ಲಿ ರಹೀಮರ ಸ್ವಂತ ಮಗ ಸೈಯದ್ ಶಾಹಿದ್ ಹಕೀಮ್ ಇದ್ದ. ಅವನನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. 1962ರ ತಂಡಕ್ಕಂತೂ ಆರಿಸಲೇ ಇಲ್ಲ. ಈಗಿನ ಅಪ್ಪಂದಿರಿಗೆ ಇದು ಕತೆಯಂತೆ ಕಂಡೀತು.

ಜಕಾರ್ತಾ, 1962. ರಹೀಮರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹತ್ತಿತ್ತು. ವರ್ಷ ತುಂಬುವ ಮೊದಲೇ ಅದು ಅವರನ್ನು ಒಯ್ಯಲಿತ್ತು.

ಮೊದಲ ಪಂದ್ಯವೇ ದಕ್ಷಿಣ ಕೊರಿಯಾದ ಕೈಯಲ್ಲಿ 0-2 ಸೋಲು. ಥಾಯ್ಲೆಂಡನ್ನು 4-1ರಿಂದ ಸೋಲಿಸಿದ ಪಂದ್ಯದಲ್ಲಿ ಬೆನ್ನೆಲುಬಿನಂತಿದ್ದ ರಕ್ಷಕ ಜರ್ನೇಲ್ ಸಿಂಗ್ ತಲೆ ಒಡೆದುಕೊಂಡ, ಹೊಲಿಗೆ ಬಿದ್ದವು. ಜಪಾನಿನ ಮೇಲೆ 2-0. ಅಷ್ಟರಲ್ಲಿ ಮೈದಾನದ ಹೊರಗೆ ಬೇರೆ ಬೆಂಕಿ ಹತ್ತಿತು. ಇಸ್ರೇಲಿಗೂ ತೈವಾನಿಗೂ ಇಂಡೊನೇಷ್ಯಾ ವೀಸಾ ಕೊಡದ್ದನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಭಾರತೀಯ ಸದಸ್ಯ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರು, ಇವು ಏಷ್ಯನ್ ಗೇಮ್ಸ್ ಎನ್ನಿಸಿಕೊಳ್ಳಲಾರವೆಂದು ವಾದಿಸಿದ್ದರು. ತಾತ್ವಿಕವಾಗಿ ಅವರು ಹೇಳಿದ್ದು ಸರಿಯೇ ಇರಬಹುದು. ಅದರ ಬೆಲೆ ತೆತ್ತವರು ಆಟಗಾರರು. ಸೆಪ್ಟೆಂಬರ್ 3ರಂದು ಗುಂಪು ಭಾರತದ ರಾಯಭಾರ ಕಚೇರಿಯ ಮೇಲೆ ನುಗ್ಗಿತು. ಭಾರತದ ಆಟಗಾರರು ಬಸ್ಸಿನಲ್ಲಿ ಓಡಾಡುವಾಗ ಪೇಟ ಕಟ್ಟಿದ ಸರ್ದಾರರು ಗುರುತು ಸಿಗದಂತೆ ಸೀಟಿನ ಕೆಳಗೆ ಕುಗ್ಗಿ ಕೂರಬೇಕಾಯಿತು.

ಸೆಮಿಫೈನಲ್ಲಿಗೆ ರಹೀಮ್ ಮಾಡಿದ ಕೆಲಸ ಅಂಕಣದ ಅರ್ಧದಷ್ಟು ಉದ್ದದ ಜೂಜು. ತಲೆಗೆ ಪಟ್ಟಿ ಸುತ್ತಿಕೊಂಡ ಜರ್ನೇಲನನ್ನು ಹಿಂದಿನ ಸಾಲಿನಿಂದ ಎತ್ತಿ ಮುಂದಿನ ಸಾಲಿನ ನಡುವೆ ನಿಲ್ಲಿಸಿದರು. ಕಾಲೇಜು ದಿನಗಳಲ್ಲಿ ಜರ್ನೇಲ್ ಅಲ್ಲಿ ಆಡಿದ್ದನೆಂಬುದು ಅವರ ನೆನಪಿನಲ್ಲಿತ್ತು. ಗಾಯದ ತಲೆ ಚೆಂಡಿಗೆ ಹೊಡೆಯಲಾರದು ಎಂದು ಎದುರಾಳಿ ತಿಳಿಯುತ್ತಾನೆ, ಅದೇ ನಮಗೆ ಬೇಕಾದ್ದು ಎಂಬ ಲೆಕ್ಕವೂ ಇದ್ದೀತು. ದಕ್ಷಿಣ ವಿಯೆಟ್ನಾಮಿನ ಮೇಲೆ ಭಾರತ 3-2ರಿಂದ ಗೆದ್ದಿತು. ಎರಡು ಗೋಲು ನಾಯಕ ಚುನ್ನಿ ಗೋಸ್ವಾಮಿಯದು, ಒಂದು ಜರ್ನೇಲನದು.

ಸೆಪ್ಟೆಂಬರ್ 4, ಸೆನಯಾನ್ ಕ್ರೀಡಾಂಗಣ. ಒಂದು ಲಕ್ಷದಷ್ಟು ಜನ. ಎದುರಿಗೆ ಮೊದಲ ದಿನ ಸೋಲಿಸಿದ್ದ ಕೊರಿಯಾ. ರಾಷ್ಟ್ರಗೀತೆಗೂ ಕೂಗಾಟ ನಿಲ್ಲಲಿಲ್ಲ. ಆ ಕಡಲಿನ ನಡುವೆ ಒಂದು ಮೂಲೆಯಿಂದ ಮಾತ್ರ ಭಾರತಕ್ಕೆ ಚಪ್ಪಾಳೆ ಬಂತು, ಅಲ್ಲಿ ಕೂತಿದ್ದವರು ಪಾಕಿಸ್ತಾನದ ಹಾಕಿ ಆಟಗಾರರು. ಈ ವಿಷಯವನ್ನು ಭಾರತ ತಂಡದವರು ಮುಂದೆಯೂ ಹೇಳಿಕೊಳ್ಳುತ್ತಿದ್ದರು. ಗೋಲಿಗೆ ರಹೀಮ್ ಜ್ವರದಿಂದ ಎದ್ದಿದ್ದ ಪೀಟರ್ ತಂಗರಾಜ್‌ರನ್ನು ನಿಲ್ಲಿಸಿದರು. ಎತ್ತರದ ಚೆಂಡು ಎಸೆಯುವ ಕೊರಿಯನ್ನರಿಗೆ ಎತ್ತರದ ಗೋಲಿಯೇ ಬೇಕು. 17ನೆಯ ನಿಮಿಷ ಪಿ.ಕೆ. ಬ್ಯಾನರ್ಜಿ ಗೋಲು. 20ನೆಯ ನಿಮಿಷ ಹೊಲಿಗೆಯ ತಲೆಯ ಜರ್ನೇಲ್ ಗೋಲು. ಮೂರು ನಿಮಿಷದಲ್ಲಿ ಲಕ್ಷ ಗಂಟಲಿನ ಸದ್ದು ಅಡಗಿತು. ಆ ಮೇಲಿನದು ಒಂದು ಗಂಟೆಯ ಕಾವಲು. ಕೊನೆಗೆ ಐದು ನಿಮಿಷವಿದ್ದಾಗ ಕೊರಿಯಾ ಒಂದು ಹಿಂದಿರುಗಿಸಿತು, ಅಷ್ಟೆ. 2-1.

ಹೆರ್ಬೆರ್ಗರ್ ಬರ್ನ್‌ನಲ್ಲಿ ಮಾಡಿದ್ದನ್ನು ರಹೀಮ್ ಜಕಾರ್ತಾದಲ್ಲಿ ಮಾಡಿದರು. ಮೊದಲು ಯಾರ ಕೈಯಲ್ಲಿ ಸೋತರೋ ಅವರನ್ನೇ ಫೈನಲ್ಲಿನಲ್ಲಿ ಹಿಡಿದರು. ವ್ಯತ್ಯಾಸವೆಂದರೆ ರಹೀಮರ ಮೊದಲ ಸೋಲು ತಂತ್ರವಾಗಿರಲಿಲ್ಲ, ನಿಜವಾದ ಸೋಲೇ. ಇನ್ನೊಂದು ವ್ಯತ್ಯಾಸ, ಜರ್ಮನಿಗೆ ಬರ್ನ್ ಮೊದಲ ಮೆಟ್ಟಿಲು, ನಮಗೆ ಜಕಾರ್ತಾ ಕೊನೆಯದು. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಬರಲಿಲ್ಲ. 1970ರ ಕಂಚು ಬಿಟ್ಟರೆ ಪದಕವೇ ಬರಲಿಲ್ಲ. ರೋಮ್ ನಂತರ ಭಾರತ ಒಲಿಂಪಿಕ್ಸ್ ಫುಟ್‌ಬಾಲಿಗೆ ಅರ್ಹತೆಯನ್ನೇ ಪಡೆದಿಲ್ಲ. ರಹೀಮ್ 1963ರ ಜೂನ್ 11ರಂದು ತೀರಿಕೊಂಡರು, ವಯಸ್ಸು 53. ಅವರ ಟೂರ್ನಿಗಳನ್ನು, ಆ ಎಡಗಾಲಿನ ಪಾಠವನ್ನು, ಯಾವ ಸಂಸ್ಥೆಯೂ ಕೈಪಿಡಿ ಮಾಡಿ ಇಟ್ಟುಕೊಳ್ಳಲಿಲ್ಲ. ಜರ್ಮನಿಯಲ್ಲಿ ಹೆರ್ಬೆರ್ಗರ್ 1964ರಲ್ಲಿ ಇಳಿದಾಗ ಅವರ ಸಹಾಯಕ ಹೆಲ್ಮುಟ್ ಶೋನ್ ಕುರ್ಚಿ ಹಿಡಿದರು, ಹತ್ತು ವರ್ಷದಲ್ಲಿ ಮತ್ತೆ ವಿಶ್ವಕಪ್ ತಂದರು. ಇಲ್ಲಿ ರಹೀಮರ ಹಿಂದೆ ಕೂತು ಬರೆದುಕೊಳ್ಳುವ ಸಹಾಯಕನನ್ನು ನೇಮಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. 2024ರಲ್ಲಿ ಅಜಯ್ ದೇವಗನ್ ರಹೀಮ್ ಆಗಿ ನಟಿಸಿದ ಹಿಂದಿ ಸಿನಿಮಾ 'ಮೈದಾನ್' ಬಂದಾಗ ಬಹಳ ಜನಕ್ಕೆ ಆ ಹೆಸರೇ ಹೊಸದು.

ಮಾನ್‌ಹೈಮಿನ ನೆನಪು ಇನ್ನೊಂದು ಕಾರಣಕ್ಕೂ ಬಂತು. ಹೆರ್ಬೆರ್ಗರ್ ಹುಟ್ಟಿದ ಅದೇ ಊರಲ್ಲಿ 1968ರಲ್ಲಿ ಹುಟ್ಟಿದ ಮಾರ್ಕೊ ಪೆಜ್ಜಾಯುವೊಲಿ 2021ರಲ್ಲಿ ಬೆಂಗಳೂರು ಎಫ್‌ಸಿಯ ಕೋಚ್ ಆಗಿ ಬಂದರು. 2009ರಲ್ಲಿ ಜರ್ಮನಿಯ 17 ವರ್ಷದೊಳಗಿನ ಹುಡುಗರಿಗೆ ಯುರೋಪಿನ ಕಪ್ ಗೆದ್ದುಕೊಟ್ಟವರು, ಆ ತಂಡದಲ್ಲಿ ಮಾರಿಯೊ ಗೋಟ್ಜೆ ಇದ್ದ. 2011ರಲ್ಲಿ ಹಾಫನ್‌ಹೈಮ್ ತಂಡವನ್ನು ಬುಂಡೆಸ್‌ಲೀಗಾದಲ್ಲಿ ನಡೆಸಿದವರು. ಬೆಂಗಳೂರಿನಲ್ಲಿ ಇದ್ದದ್ದು ಒಂದೂವರೆ ವರ್ಷಕ್ಕೂ ಕಡಿಮೆ. 2021-22ರ ಇಂಡಿಯನ್ ಸೂಪರ್ ಲೀಗಿನಲ್ಲಿ ಮೊದಲ ಪಂದ್ಯ ಗೆದ್ದು ಆ ಮೇಲಿನ ಏಳರಲ್ಲಿ ಒಂದನ್ನೂ ಗೆಲ್ಲಲಾಗದೆ, ಮತ್ತೆ ಚೇತರಿಸಿಕೊಂಡು ಆರನೆಯ ಸ್ಥಾನಕ್ಕೆ ಬಂದು ನಿಂತರು. ರೋಶನ್ ಸಿಂಗ್ ನೌರೆಮ್‌ನಂಥ ಹುಡುಗ ಅವರ ಕೈಯಲ್ಲಿ ಅರಳಿದ. 2022ರ ಜೂನಿನಲ್ಲಿ ಹೊರಟುಹೋದರು. ಒಂದು ಕಾಲಕ್ಕೆ ಹೆಲ್ಸಿಂಕಿಯ ದಾರಿ ಹಿಡಿದ ಊರುಗಳಿಗೆ ಈಗ ಮಾಸ್ತರರು ಯುರೋಪಿನಿಂದಲೇ ಬರುತ್ತಾರೆ, ಒಪ್ಪಂದ ಮುಗಿದರೆ ಹೋಗುತ್ತಾರೆ.

2021ರ ಆಗಸ್ಟಿನಲ್ಲಿ ಪೆಜ್ಜಾಯುವೊಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ಪಿಗೆಂದು ತಂಡ ಕಟ್ಟಿಕೊಂಡು ಮಾಲ್ಡೀವ್ಸಿನ ಮಾಲೆಯಲ್ಲಿದ್ದರು. 21ರಂದು ಬಾಂಗ್ಲಾದೇಶದ ಬಶುಂಧರಾ ಕಿಂಗ್ಸ್ ಜೊತೆ ಗೋಲಿಲ್ಲದ ಡ್ರಾ. 24ರಂದು ಅಲ್ಲಿನ ಮಾಜಿಯಾ ತಂಡದ ಮೇಲೆ 6-2 ಗೆಲುವು. ಎರಡು ಪಂದ್ಯಗಳ ನಡುವೆ, 22ರಂದು, ರಹೀಮರ ಮಗ ಹಕೀಮ್ ತೀರಿಕೊಂಡರು, 82ನೆಯ ವಯಸ್ಸಿನಲ್ಲಿ. ವಾಯುಪಡೆಯಲ್ಲಿ ಅಧಿಕಾರಿಯಾಗಿ, ಫಿಫಾ ರೆಫರಿಯಾಗಿ, ಕೋಚ್ ಆಗಿ ಬಾಳಿದವರು, ರೋಮಿನಲ್ಲಿ ಅಪ್ಪ ಬೆಂಚಿನಿಂದ ಎಬ್ಬಿಸದ ಹುಡುಗ. ಜೀವ ಹೋದದ್ದು ಹೈದರಾಬಾದಿನಲ್ಲಿ ಅಲ್ಲ, ಕಲಬುರಗಿಯ ಆಸ್ಪತ್ರೆಯಲ್ಲಿ. ಆಳಂದದ ದಾರಿ ಹಿಡಿದರೆ ಉಮರಗಾದಿಂದ ಒಂದು ಬಸ್ಸಿನ ಪಯಣ ಅದು.